ಬಿಗಿಯದೆ ನೆಟ್ಟಗೆ

ಸೊಲ್ಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟು ಬದಲಾಗುವ ಹೊತ್ತಿಗೆ ಪುಣೆ ರಸ್ತೆಯ ಚಹಾದಂಗಡಿಯ ಬಾಕಿನ ಮೇಲೆ ಕೂತರೆ, ಯಾರು ಯಾವ ಕೆಲಸದವರು ಎಂದು ಬಟ್ಟೆ ನೋಡದೆಯೇ ಹೇಳಬಹುದು. ದಿನವಿಡೀ ಯಂತ್ರದ ಮುಂದೆ ನಿಂತವರು ಚಹಾ ಕುಡಿಯುವಾಗಲೂ ಒಂದೇ ಕಾಲಿನ ಮೇಲೆ ಭಾರ ಹಾಕಿ, ಒಂದು ಕಡೆಯ ಸೊಂಟವನ್ನು ಹೊರಗೆ ತಳ್ಳಿ ನಿಂತಿರುತ್ತಾರೆ. ಪ್ಯಾಕಿಂಗಿನವರ ಗೋಣು ಮುಂದಕ್ಕೆ ಚಾಚಿಕೊಂಡಿರುತ್ತದೆ. ಲಾರಿ ತುಂಬುವ ಹಮಾಲರು ಎರಡೂ ಅಂಗೈಯನ್ನು ನಡದ ಮೇಲಿಟ್ಟು ಹಿಂದಕ್ಕೆ ಬಾಗಿ ಆಕಾಶ ನೋಡುತ್ತಾರೆ. ಆಫೀಸಿನ ಕಂಪ್ಯೂಟರಿನಿಂದ ಎದ್ದು ಬಂದವರ ಹೆಗಲು ಕಿವಿಯ ಹತ್ತಿರವೇ ಉಳಿದಿರುತ್ತದೆ. ಕೆಲಸ ಮುಗಿದಿದೆ, ಕಾರ್ಡ್ ಪಂಚ್ ಆಗಿದೆ, ಮೈ ಮಾತ್ರ ಇನ್ನೂ ಡ್ಯೂಟಿಯಲ್ಲೇ ಇದೆ.

ನನ್ನದು ತಪಾಸಣೆಯ ಮೇಜು. ಎರಕ ಹೊಯ್ದು, ಮಷಿನ್ ಶಾಪಿನಲ್ಲಿ ಕೊರೆದು ಕಳಿಸಿದ ಬಿಡಿಭಾಗಗಳನ್ನು ಒಂದೊಂದಾಗಿ ಎತ್ತಿ, ಗೇಜಿಗೆ ಹಿಡಿದು, ಬೆಳಕಿಗೆ ತಿರುಗಿಸಿ, ಬಿರುಕಿದೆಯೇ ಎಂದು ನೋಡಿ ಈ ಕ್ರೇಟಿನಿಂದ ಆ ಕ್ರೇಟಿಗೆ ಇಡುವುದು. ಹುಟ್ಟೂರು ಅಕ್ಕಲಕೋಟ ತಾಲ್ಲೂಕಿನದು, ಮನೆ ಈಗ ಸೊಲ್ಲಾಪುರದಲ್ಲಿ. ಬೆಳಿಗ್ಗೆ ಗಾಡಿ ಹತ್ತಿ ಬಾಳೆ ದಾಟಿ, ಕೇಗಾಂವದ ವಿಶ್ವವಿದ್ಯಾಲಯ ದಾಟಿ, ಕೊಂಡಿ ದಾಟಿ ಬಂದರೆ ಎಂಐಡಿಸಿ. ಕಬ್ಬಿನ ಹಂಗಾಮಿನಲ್ಲಿ ಆ ಹೆದ್ದಾರಿಯ ಮೇಲೆ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳು, ಅವುಗಳನ್ನು ಹಿಂದೆ ಹಾಕಲು ನೋಡುವ ಹೈದರಾಬಾದಿನ ಲಾರಿಗಳು. ಮನೆಯಿಂದ ಗೇಟಿಗೆ ಬರುವಷ್ಟರಲ್ಲೇ ಹಲ್ಲು ಕಚ್ಚಿ ದವಡೆ ನೋಯುತ್ತಿರುತ್ತದೆ.

ನೋವು ಒಮ್ಮೆಲೇ ಬಂದದ್ದಲ್ಲ. ಮೊದಲು ಬಲ ಹೆಗಲಿನ ಹಿಂದೆ, ರೆಕ್ಕೆ ಎಲುಬಿನ ಪಕ್ಕದಲ್ಲಿ ಒಂದು ಗಂಟು. ಆಮೇಲೆ ಗೋಣು. ಆಮೇಲೆ ನಡ. ಒಂದು ದಿನ ಕೆಳಗಿನ ಕ್ರೇಟು ಎತ್ತುವಾಗ ನಡದಲ್ಲಿ ಚಮಕ ಬಂದು, ಬಾಗಿದವನು ಬಾಗಿದಂತೆಯೇ ಉಳಿದೆ. ಪಕ್ಕದ ಮೇಜಿನವರು ಹಿಡಿದು ಕೂಡಿಸಿದರು.

ನೋವು ಬಂತೆಂದರೆ ಸುತ್ತಲಿನವರು ಕೊಡುವ ಮೊದಲ ಸಲಹೆ ‘ನೆಟ್ಟಗ ನಿಂದ್ರು’ ಎಂಬುದು. ಅವ್ವ ಹೇಳುತ್ತಾಳೆ, ಜೊತೆಗಾರ ಹೇಳುತ್ತಾನೆ, ಮೊಬೈಲಿನ ವಿಡಿಯೊ ಹೇಳುತ್ತದೆ. ನಮ್ಮೂರಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಮಾಸ್ತರರು ‘ಸಾವಧಾನ್’ ಎಂದ ಕೂಡಲೇ ನಾವೆಲ್ಲ ಹೊಟ್ಟೆ ಒಳಗೆಳೆದು, ಎದೆ ಉಬ್ಬಿಸಿ, ಮೊಣಕಾಲು ಹಿಂದಕ್ಕೊತ್ತಿ, ಉಸಿರು ಹಿಡಿದು ನಿಲ್ಲುತ್ತಿದ್ದೆವು. ನೆಟ್ಟಗೆ ಎಂದರೆ ನಮ್ಮ ಮೈಗೆ ಇಂದಿಗೂ ನೆನಪಾಗುವುದು ಅದೇ ನಿಲುವು. ಹಾಗೆ ನಿಂತು ನೋಡಿ: ಉಸಿರು ಹೊಟ್ಟೆಗೆ ಇಳಿಯುವುದಿಲ್ಲ, ನಡದ ಹಿಂದಿನ ಸ್ನಾಯು ಕಟ್ಟಿಗೆಯಾಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿನಂತೆ ಕುಸಿಯುತ್ತೇವೆ. ಮುಂದಕ್ಕೆ ಬಾಗಿದ ಬಿಗಿಯ ಮೇಲೆ ಹಿಂದಕ್ಕೆ ಎಳೆದ ಇನ್ನೊಂದು ಬಿಗಿ ಹೇರಿದ್ದಷ್ಟೇ ಆಯಿತು. ‘ವಿಶ್ರಾಮ್’ ಎಂದಾಗ ಕಾಲು ಅಗಲಿಸಿ ಕೈ ಹಿಂದಕ್ಕೆ ಕಟ್ಟುತ್ತಿದ್ದೆವು. ಬಿಗಿಯನ್ನು ಬಿಡುವುದು ಹೇಗೆ ಎಂಬ ಪಾಠ ಆ ಮೈದಾನದಲ್ಲಿ ಇರಲಿಲ್ಲ.

ಬಿಗಿ ಯಾಕೆ ನೋಯಿಸುತ್ತದೆ ಎಂಬುದು ತಿಳಿದರೆ ಅದನ್ನು ಬಿಡಲು ಮನಸ್ಸು ಬರುತ್ತದೆ. ಸ್ನಾಯು ಬಿಗಿದಾಗ ಅದರೊಳಗಿನ ಸಣ್ಣ ರಕ್ತನಾಳಗಳು ಒತ್ತಿಕೊಳ್ಳುತ್ತವೆ. ಬಿಗಿದು ಬಿಟ್ಟು, ಬಿಗಿದು ಬಿಟ್ಟು ಕೆಲಸ ಮಾಡುವ ಸ್ನಾಯುವಿಗೆ ರಕ್ತ ಹರಿಯುತ್ತಲೇ ಇರುತ್ತದೆ. ಸ್ವಲ್ಪವೇ ಬಿಗಿದರೂ ಗಂಟೆಗಟ್ಟಲೆ ಬಿಡದ ಸ್ನಾಯುವಿಗೆ ಆ ಭಾಗ್ಯವಿಲ್ಲ. ಕೋಜಾಗರಿ ಹುಣ್ಣಿಮೆಗೆ ಸೊಲ್ಲಾಪುರದಿಂದ ತುಳಜಾಪುರದ ತನಕ, ಸುಮಾರು 45 ಕಿಲೋಮೀಟರ್, ರಾತ್ರಿಯಿಡೀ ನಡೆದು ಹೋಗುವವರು ನಮ್ಮಲ್ಲಿ ಸಾವಿರಾರು ಮಂದಿ. ಅವರಲ್ಲೇ ಎಷ್ಟೋ ಜನರಿಗೆ ಯಂತ್ರದ ಮುಂದೆ ಎರಡು ಗಂಟೆ ಅಲುಗಾಡದೆ ನಿಲ್ಲುವುದು ಆ ನಡಿಗೆಗಿಂತ ಕಷ್ಟ. ನಡೆಯುವಾಗ ಒಂದು ಕಾಲು ದುಡಿಯುತ್ತದೆ, ಇನ್ನೊಂದಕ್ಕೆ ಬಿಡುವು ಸಿಗುತ್ತದೆ. ನಿಂತಲ್ಲೇ ನಿಂತವನಿಗೆ ಎರಡಕ್ಕೂ ಬಿಡುವಿಲ್ಲ.

ಬೆನ್ನೆಲುಬಿನ ಮಣಿಗಳ ನಡುವೆ ಇರುವ 23 ಡಿಸ್ಕುಗಳ ಕಥೆಯೂ ಇದೇ. ದೊಡ್ಡವರಲ್ಲಿ ಈ ಡಿಸ್ಕುಗಳಿಗೆ ತಮ್ಮದೇ ಆದ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆ. ಒತ್ತಡ ಬಿದ್ದಾಗ ನೀರು ಹೊರಗೆ ಹೋಗಿ, ಒತ್ತಡ ತಗ್ಗಿದಾಗ ಒಳಗೆ ಬಂದು, ಆ ನೀರಿನ ಜೊತೆ ಪೋಷಣೆ ಹೋಗಬೇಕು. ಅದಕ್ಕೇ ಬೆಳಿಗ್ಗೆ ಎದ್ದಾಗಿನ ನಮ್ಮ ಎತ್ತರ ಸಂಜೆಗೆ ಒಂದೂವರೆ ಸೆಂಟಿಮೀಟರಿನಷ್ಟು ಕಡಿಮೆಯಾಗಿ, ರಾತ್ರಿಯ ನಿದ್ದೆಯಲ್ಲಿ ಮರಳಿ ಬರುತ್ತದೆ. ಇನ್ನು ತಲೆ. ಸುಮಾರು 5 ಕಿಲೋ ತೂಗುವ ತಲೆ ಬೆನ್ನೆಲುಬಿನ ನೆತ್ತಿಯ ಮೇಲೆ ತೂಗಿ ನಿಂತಿದ್ದರೆ ಗೋಣಿನ ಸ್ನಾಯುಗಳಿಗೆ ದೊಡ್ಡ ಕೆಲಸವಿಲ್ಲ. ಅದು ಮೇಜಿನ ಕಡೆಗೋ ಮೊಬೈಲಿನ ಕಡೆಗೋ ಮುಂದೆ ಜಾರಿದಾಗ ಹಿಂದಿನ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕು, ದಿನವಿಡೀ ಹಿಡಿಯಬೇಕು.

ನನಗೆ ನಿಲ್ಲುವುದರ ಮೊದಲ ಪಾಠ ಸಿಕ್ಕಿದ್ದು ಸಿದ್ಧೇಶ್ವರ ಜಾತ್ರೆಯಿಂದ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿ, ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರೆಂದು ನಾವು ನಂಬುವ ಸಿದ್ಧರಾಮರ ಹೆಸರಿನ ಜಾತ್ರೆ ಅದು. ಪ್ರತಿ ವರ್ಷ ಸಂಕ್ರಾಂತಿಗೆ ಏಳು ನಂದಿಕೋಲುಗಳು ಹೊರಡುತ್ತವೆ. ಭೋಗಿಯ ದಿನ 68 ಲಿಂಗಗಳಿಗೆ ಎಣ್ಣಿಮಜ್ಜನ, ಮರುದಿನ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ, ಅದರ ಮರುದಿನ ಹೋಮ. ಬಿಳಿಯ ಬಾರಾಬಂದಿ ತೊಟ್ಟವರು, ಹಲವು ಆಳೆತ್ತರದ, ತುದಿಯಲ್ಲಿ ಅಲಂಕಾರ ಹೊತ್ತ ಆ ಕೋಲಿನ ಬುಡವನ್ನು ನಡಕ್ಕೆ ಕಟ್ಟಿದ ಪಟ್ಟಿಯಲ್ಲಿ ನಿಲ್ಲಿಸಿ ನಡೆಯುತ್ತಾರೆ. ಒಬ್ಬೊಬ್ಬರೇ ಹೊರುತ್ತಾರೆ, ದಣಿದಾಗ ಇನ್ನೊಬ್ಬರಿಗೆ ಕೊಡುತ್ತಾರೆ. ಕೋಲು ಮುಗಿಲಿಗೆ ನೆಟ್ಟಗೆ ನಿಂತಿರುತ್ತದೆ, ಅದರ ಕೆಳಗಿನ ಮನುಷ್ಯ ಮಾತ್ರ ಒಂದು ಕ್ಷಣವೂ ಸ್ತಬ್ಧನಾಗಿರುವುದಿಲ್ಲ.

ಜಾತ್ರೆಗೆ ಎಷ್ಟೋ ದಿನ ಮೊದಲೇ ಸೊಲ್ಲಾಪುರದ ಓಣಿಗಳಲ್ಲಿ ಇದರ ಅಭ್ಯಾಸ ಶುರುವಾಗುತ್ತದೆ. ನಮ್ಮ ಕಾಕಾ ಪ್ರಾಯದಲ್ಲಿ ಆ ಅಭ್ಯಾಸಕ್ಕೆ ಹೋಗುತ್ತಿದ್ದವರು. ನನ್ನ ನಡ ಹಿಡಿದಿದ್ದ ದಿನಗಳಲ್ಲಿ ಮನೆಗೆ ಬಂದಿದ್ದ ಅವರು ನಾನು ಕುರ್ಚಿಯಿಂದ ಏಳುವುದನ್ನು ನೋಡಿ, “ತಮ್ಮಾ, ನೀ ಏಳೂಕಿಂತ ಮೊದಲ ಗೋಣು ಹಿಂದಕ ಜಗ್ಗತೀದಿ, ಉಸಿರು ಹಿಡಿತೀದಿ. ಏಳೂದು ಕಾಲಿನ ಕೆಲಸ, ಗೋಣಿಗ್ಯಾಕ ಹಚ್ಚತಿ?” ಎಂದರು. ಅದೇ ಮಾತಿನ ಜೊತೆಗೆ ನಂದಿಕೋಲಿನ ವಿಷಯ ಬಂತು. ಹೊಸ ಹುಡುಗರೆಲ್ಲ ಮೊದಲು ಕೈಯಿಂದ ಕೋಲನ್ನು ಬಿಗಿಯಾಗಿ ಹಿಡಿದು, ತೋಳಿನ ಬಲದ ಮೇಲೆ ನೆಟ್ಟಗೆ ನಿಲ್ಲಿಸಲು ನೋಡುತ್ತಾರಂತೆ. ಹಾಗೆ ಹಿಡಿದವನ ಕೋಲು ಬೇಗ ವಾಲುತ್ತದೆ. “ಕೋಲು ಹೊರೂದು ಅಂಗಾಲು. ಕೈ ಸುಮ್ಮ ಅದಕ ದಾರಿ ತೋರಸ್ತದ. ಮೊಣಕಾಲು ಸಡಲ ಇರಬೇಕು. ಉಸಿರು ಹಿಡದಿ ಅಂದ್ರ ಕೋಲಿಗಿ ತಿಳೀತದ.”

ಮುಂದಿನ ಸಂಕ್ರಾಂತಿಗೆ ನಾನು ಕೋಲುಗಳನ್ನು ಬಿಟ್ಟು ಹೊರುವವರ ಕಾಲುಗಳನ್ನೇ ನೋಡುತ್ತ ನಿಂತೆ. ಹೆಜ್ಜೆ ಸಣ್ಣದು. ಪಾದ ಪೂರ್ತಿ ನೆಲಕ್ಕೆ ತಾಗಿದ ಮೇಲೆಯೇ ಭಾರ ಅದರ ಮೇಲೆ ಬರುತ್ತಿತ್ತು. ಮೊಣಕಾಲು ಎಂದೂ ಹಿಂದಕ್ಕೆ ಸೆಟೆಯುತ್ತಿರಲಿಲ್ಲ. ಹೆಗಲು ಕೆಳಗಿತ್ತು, ಮುಖ ಶಾಂತವಾಗಿತ್ತು. ಕೋಲು ಒಂದಿಷ್ಟು ಬಲಕ್ಕೆ ಸರಿದರೆ ಇಡೀ ಮೈ ಕಾಲಿನಿಂದ ಮೊದಲಾಗಿ ಅದರಡಿಗೆ ಸರಿಯುತ್ತಿತ್ತು. ಅಷ್ಟು ಭಾರ ಹೊತ್ತವನ ದವಡೆ ಸಡಿಲವಾಗಿರುವಾಗ, ಅಂಗೈಯಲ್ಲಿ ಹಿಡಿಯುವ ಬಿಡಿಭಾಗಕ್ಕೆ ನನ್ನ ದವಡೆ ಯಾಕೆ ಕಚ್ಚಿಕೊಳ್ಳಬೇಕು? ನಮ್ಮ ಬಿಗಿಯಲ್ಲಿ ಕೆಲಸಕ್ಕೆ ಬೇಕಾದದ್ದು ಸ್ವಲ್ಪ, ಉಳಿದದ್ದು ಮೈ ತಾನಾಗಿಯೇ ಸೇರಿಸಿಕೊಂಡದ್ದು. ಆ ಉಳಿದದ್ದನ್ನು ಗುರುತಿಸಿ ಬಿಡುವುದೇ ಕಲಿಯಬೇಕಾದ ವಿದ್ಯೆ.

ನಮ್ಮ ಮುತ್ಯಾ ಕುಣಿ ಮಗ್ಗದ ನೇಕಾರರು. ನೆಲದ ಮಟ್ಟದಲ್ಲಿ ಕೂತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು, ತುಳಿಯುತ್ತ ಲಾಳಿ ಎಸೆಯುವುದು. ಹಾಸಿನ ಎಳೆ ಅತಿ ಬಿಗಿಯಾದರೆ ಹರಿಯುತ್ತದೆ, ಸಡಿಲಾದರೆ ಜೋತುಬಿದ್ದು ತೊಡಕಾಗುತ್ತದೆ. ಮೈಯ ಸ್ನಾಯುವೂ ಆ ಎಳೆಯಂತೆ, ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ಬಿಗಿ ಕೇಳುತ್ತದೆ. ಮುತ್ಯಾರ ಮೈ ಮಗ್ಗದ ಜೊತೆ ಹಿಂದೆ ಮುಂದೆ ತೂಗುತ್ತಿತ್ತು. ಸೊಲ್ಲಾಪುರಕ್ಕೆ 1877ರಲ್ಲಿ ಮೊದಲ ಬಟ್ಟೆ ಗಿರಣಿ, ನಾವು ಹಳೇ ಮಿಲ್ ಎನ್ನುವುದು, ಬಂತು. ಆಮೇಲೆ ಪವರ್‌ಲೂಮುಗಳು ಬಂದವು. ಮೈಗೆ ತಕ್ಕಂತೆ ಮಗ್ಗ ನಡೆಯುತ್ತಿದ್ದ ಕಾಲ ಹೋಗಿ, ಮಗ್ಗಕ್ಕೆ ತಕ್ಕಂತೆ ಮೈ ನಿಲ್ಲಬೇಕಾದ ಕಾಲ ಬಂತು. ಕೈಮಗ್ಗದವರಿಗೆ ನೋವಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಮುತ್ಯಾರ ಕಣ್ಣು, ಮೊಣಕಾಲು ಎರಡೂ ಕೊನೆಗೆ ಸೋತಿದ್ದವು. ಆದರೆ ಯಾವಾಗ ಏಳಬೇಕು, ಯಾವಾಗ ಮೈ ಮುರಿಯಬೇಕು ಎಂಬುದು ಅವರ ಕೈಯಲ್ಲಿತ್ತು.

ಕಾಕಾರ ಮಾತನ್ನೇ ಬಹಳ ದೂರದಲ್ಲಿ ಇನ್ನೊಬ್ಬರು ಕಂಡುಕೊಂಡಿದ್ದರು. ಫ್ರೆಡರಿಕ್ ಮಥಾಯಸ್ ಅಲೆಕ್ಸಾಂಡರ್ 1869ರಲ್ಲಿ ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ ಹುಟ್ಟಿದವರು, ಶೇಕ್ಸ್‌ಪಿಯರ್ ನಾಟಕದ ಭಾಗಗಳನ್ನು ವೇದಿಕೆಯಲ್ಲಿ ವಾಚನ ಮಾಡುತ್ತಿದ್ದವರು. ವಾಚನದ ನಡುವೆ ಧ್ವನಿ ಕೂತುಹೋಗುತ್ತಿತ್ತು, ವೈದ್ಯರಿಗೆ ಕಾರಣ ಸಿಗಲಿಲ್ಲ. ಕನ್ನಡಿಗಳನ್ನು ಇಟ್ಟುಕೊಂಡು ತಮ್ಮನ್ನೇ ನೋಡಿಕೊಂಡಾಗ ಕಂಡದ್ದು ಇಷ್ಟು: ಮಾತು ಶುರುಮಾಡುವ ಮೊದಲೇ ಅವರು ತಲೆಯನ್ನು ಹಿಂದಕ್ಕೆ, ಕೆಳಕ್ಕೆ ಎಳೆದುಕೊಳ್ಳುತ್ತಿದ್ದರು, ಬಾಯಿಂದ ಉಸಿರು ಸೆಳೆಯುತ್ತಿದ್ದರು. ಅದನ್ನು ತಿದ್ದಲು ಹೋದಾಗ ಇನ್ನೊಂದು ಸತ್ಯ ಎದುರಾಯಿತು. ತಿದ್ದಿದ್ದೇನೆ ಎಂದು ಮೈ ಹೇಳುತ್ತಿತ್ತು, ಕನ್ನಡಿ ಇಲ್ಲ ಎನ್ನುತ್ತಿತ್ತು. ರೂಢಿಯಾದ ಸೊಟ್ಟವೇ ನಮಗೆ ನೆಟ್ಟಗೆ ಅನ್ನಿಸುತ್ತದೆ. ಆದ್ದರಿಂದ ಅವರು ಹೊಸದನ್ನು ಮಾಡುವ ಮೊದಲು ಹಳೆಯದನ್ನು ನಿಲ್ಲಿಸುವುದನ್ನು ಕಲಿಸಿದರು: ಏಳಬೇಕು ಅನ್ನಿಸಿದ ಕ್ಷಣ ಒಮ್ಮೆ ತಡೆ, ಗೋಣು ಬಿಡು, ಆಮೇಲೆ ಏಳು. 1904ರಲ್ಲಿ ಲಂಡನ್ನಿಗೆ ಹೋಗಿ 1955ರಲ್ಲಿ ತೀರಿಕೊಳ್ಳುವ ತನಕ ಅವರು ಕಲಿಸಿದ್ದು ಇದನ್ನೇ. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್, ಬಹುಕಾಲದ ಬೆನ್ನುನೋವಿದ್ದ 579 ಜನರ ಮೇಲೆ ನಡೆದ ಪ್ರಯೋಗವೊಂದನ್ನು ಪ್ರಕಟಿಸಿತು. ಈ ಪಾಠಗಳನ್ನು ಒಬ್ಬೊಬ್ಬರಾಗಿ ಕಲಿತವರಿಗೆ ವರ್ಷದ ಕೊನೆಗೂ ನೋವಿನ ದಿನಗಳು ಗಣನೀಯವಾಗಿ ಕಡಿಮೆಯಾಗಿದ್ದವು.

ನಮ್ಮ ಚಿಂಚೋಳಿಯ ಮುಂದಿನ ಹೆದ್ದಾರಿಯಲ್ಲೇ ಪಶ್ಚಿಮಕ್ಕೆ ಹೋದರೆ ಪುಣೆ. ಅಲ್ಲಿ ಬಿ.ಕೆ.ಎಸ್. ಅಯ್ಯಂಗಾರ್ ಕಲಿಸಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ, 1918ರಲ್ಲಿ, ಇನ್‌ಫ್ಲುಯೆಂಜಾ ಊರೂರನ್ನು ಸುಡುತ್ತಿದ್ದ ವರ್ಷ ಹುಟ್ಟಿದ ಮಗು; ಬಾಲ್ಯವೆಲ್ಲ ಮಲೇರಿಯ, ಟೈಫಾಯ್ಡ್, ಕ್ಷಯಗಳಲ್ಲಿ ಕಳೆದ ಹುಡುಗ. ಮೈಸೂರಿನಲ್ಲಿ ಭಾವ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು 1937ರಲ್ಲಿ ಪುಣೆಗೆ ಬಂದರು. 1952ರಲ್ಲಿ ಮುಂಬೈಗೆ ಬಂದಿದ್ದ ಜಗದ್ವಿಖ್ಯಾತ ಪಿಟೀಲುಗಾರ ಯೆಹುದಿ ಮೆನುಹಿನ್ ಇವರನ್ನು ಕಂಡದ್ದು ಮೈಯ ದಣಿವು ಮತ್ತು ಬಿಗಿಯ ದೂರು ಹೊತ್ತು. ಕೆಲವೇ ನಿಮಿಷಕ್ಕೆಂದು ಗೊತ್ತಾದ ಭೇಟಿ ಗಂಟೆಗಳ ತನಕ ಬೆಳೆಯಿತು. ಬಹುಕಾಲದಿಂದ ಸರಿಯಾದ ವಿಶ್ರಾಂತಿ ಕಾಣದಿದ್ದ ಕಲಾವಿದ ಅಂದು ನೆಲದ ಮೇಲೆ ಮಲಗಿ ನೆಮ್ಮದಿ ಕಂಡರು, ಆಮೇಲೆ ಜೀವಮಾನದ ಶಿಷ್ಯರಾದರು. ಅಯ್ಯಂಗಾರರ ಶಾಲೆಯ ವಿಶೇಷವೆಂದರೆ ಮೈ ತಲುಪಲಾರದ ಕಡೆಗೆ ಸಾಮಾನನ್ನು ತಂದುಕೊಡುವುದು. ಗೋಡೆಗೆ ಕಟ್ಟಿದ ಹಗ್ಗ, ಕಟ್ಟಿಗೆಯ ಇಟ್ಟಿಗೆ, ಪಟ್ಟಿ, ಮಡಿಸುವ ಕಬ್ಬಿಣದ ಕುರ್ಚಿ, ಮಡಚಿದ ಕಂಬಳಿ. ಮೈಯನ್ನು ಬಲವಂತ ಮಾಡದೆ, ಆಸರೆ ಕೊಟ್ಟು ಬಿಡಿಸುವುದು. ಅವರ ತಾಡಾಸನದಲ್ಲಿ ನಿಲ್ಲುವುದೇ ಒಂದು ಪೂರ್ತಿ ಪಾಠ.

ಆ ಪದ್ಧತಿಯಲ್ಲಿ ತಯಾರಾದ ಒಬ್ಬ ಮೇಡಂ ಸೊಲ್ಲಾಪುರದಲ್ಲಿ ನನಗೆ ಸಿಕ್ಕರು, ವಿಜಯಪುರದ ಕಡೆಯವರು. ಮೊದಲ ದಿನ ಅವರು ಯಾವ ಆಸನವನ್ನೂ ಹೇಳಲಿಲ್ಲ. ಬರಿಗಾಲಲ್ಲಿ ನಿಲ್ಲಿಸಿ, ಭಾರ ಪಾದದ ಎಲ್ಲಿ ಬೀಳುತ್ತಿದೆ ಹೇಳಿ ಎಂದರು. ಹಿಮ್ಮಡಿಯ ಹೊರಗಡೆ ಬೀಳುತ್ತಿತ್ತು. ನನ್ನ ಎಲ್ಲ ಚಪ್ಪಲಿ ಬೂಟುಗಳು ಅದೇ ಜಾಗದಲ್ಲಿ ಸವೆದಿದ್ದದ್ದು ಆಗ ಅರ್ಥವಾಯಿತು. ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ, ಮೂರರ ಮೇಲೂ ಭಾರ ಹಂಚಿದಾಗ ಮೊಣಕಾಲು ತಾನೇ ಸಡಿಲಾಯಿತು, ನಡದ ಹಿಂದಿನ ಗಂಟು ಒಂದಿಷ್ಟು ಇಳಿಯಿತು. ಮೇಲಿನದನ್ನು ಯಾರೂ ಮುಟ್ಟಲಿಲ್ಲ. ನೆಟ್ಟಗಾಗುವುದು ಕೆಳಗಿನಿಂದ ಶುರುವಾಗುತ್ತದೆ, ಎದೆಯಿಂದ ಅಲ್ಲ.

ಅದನ್ನು ಕಾಂಕ್ರೀಟು ನೆಲದ ಮೇಲೆ, ಬೂಟು ಹಾಕಿಕೊಂಡು, ಎಂಟು ತಾಸು ನಡೆಸುವುದು ಬೇರೆ ಮಾತು. ಅಲ್ಲಿ ಮೈ ಕಲಿತದ್ದರ ಜೊತೆಗೆ ಮೇಜೂ ಕಲಿಯಬೇಕಾಯಿತು. ಕಣ್ಣಿಟ್ಟು ನೋಡುವ ಸೂಕ್ಷ್ಮ ಕೆಲಸಕ್ಕೆ ಮೇಜು ಮೊಣಕೈಗಿಂತ ತುಸು ಮೇಲಿರಬೇಕು, ಭಾರ ಒತ್ತುವ ಕೆಲಸಕ್ಕೆ ತುಸು ಕೆಳಗಿರಬೇಕು. ನನ್ನ ಮೇಜು ಭಾರದ ಕೆಲಸದ ಎತ್ತರದಲ್ಲಿತ್ತು, ಕೆಲಸ ಕಣ್ಣಿನದು. ಮೇಜಿಗೂ ಕಣ್ಣಿಗೂ ನಡುವಿನ ಅಂತರವನ್ನು ಗೋಣು ತುಂಬುತ್ತಿತ್ತು. ಸೂಪರ್‌ವೈಸರ್ ಒಪ್ಪಿದ ಮೇಲೆ ಮೇಜಿನ ನಾಲ್ಕೂ ಕಾಲಡಿಗೆ ಕಟ್ಟಿಗೆಯ ದಿಮ್ಮಿ ಕೊಟ್ಟೆವು. ಒಂದು ಕಾಲನ್ನು ಆಗಾಗ ಎತ್ತಿ ಇಡಲು ಹಳೆಯ ಪ್ಯಾಲೆಟ್ಟಿನ ತುಂಡು ಇಟ್ಟೆವು. ತುಂಬಿದ ಕ್ರೇಟು ನೆಲದ ಬದಲು ಟ್ರಾಲಿಯ ಮೇಲೆ ಬರತೊಡಗಿತು. ಖರ್ಚು ಎಂದು ಹೇಳುವಂಥದ್ದೇನೂ ಆಗಲಿಲ್ಲ.

ಎತ್ತುವುದನ್ನು ಮಾತ್ರ ನಾನು ಹಮಾಲರನ್ನು ನೋಡಿ ಕಲಿತೆ. ಅವರು ಭಾರವನ್ನು ಮೊದಲು ಮೈಗೆ ತಂದುಕೊಳ್ಳುತ್ತಾರೆ, ಆಮೇಲೆ ಎತ್ತುತ್ತಾರೆ. ಕೈಚಾಚಿ ದೂರದ ಭಾರ ಎತ್ತುವ ಹಮಾಲನನ್ನು ನಾನು ಕಂಡಿಲ್ಲ. ನಡ ಬಾಗಿತೋ ಇಲ್ಲವೋ ಎಂಬುದರಷ್ಟೇ, ಅದಕ್ಕಿಂತಲೂ ಹೆಚ್ಚಾಗಿ, ಭಾರ ಮೈಯಿಂದ ಎಷ್ಟು ದೂರ ಇದೆ ಎಂಬುದು ಬೆನ್ನಿಗೆ ಮುಖ್ಯ. ಎತ್ತುವಾಗ ಅವರು ಉಸಿರು ಬಿಡುತ್ತಾರೆ, ಅದಕ್ಕೇ ಆ ‘ಹೂಂ’ ಎಂಬ ದನಿ. ತಿರುಗಬೇಕಾದರೆ ನಡ ತಿರುಚದೆ ಪಾದವನ್ನೇ ತಿರುಗಿಸುತ್ತಾರೆ. ಇಷ್ಟು ಬಲ್ಲವರ ನಡವೂ ಕೊನೆಗೆ ಸೋಲುವುದು ಭಾರ ಹೆಚ್ಚಾಗಿರುವುದರಿಂದ. ಒಂದು ಕಾಲಕ್ಕೆ ಸಕ್ಕರೆಯ ಚೀಲ ಪೂರ್ತಿ ಕ್ವಿಂಟಲ್ ತೂಗುತ್ತಿತ್ತು, ಈಗ 50 ಕಿಲೋ. ಗಂಡಾಳು ಕೈಯಿಂದ ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ಹಮಾಲರಿಗಾಗಿ ಮಹಾರಾಷ್ಟ್ರ ಮಾಡಿದ ಮಾಥಾಡಿ ಕಾಯ್ದೆ 1969ರದು. ಹಮಾಲರ ಬೆನ್ನಿಗೆ ಕಲಿಕೆಯಷ್ಟೇ ಆಸರೆ ಕಾನೂನಿನದೂ ಬೇಕು.

ಗಾಡಿಯ ಮೇಲೆ ಹಿಡಿತ ಬಿಡಿಸಿಕೊಳ್ಳುವುದೇ ನನಗೆ ಎಲ್ಲಕ್ಕಿಂತ ತಡವಾಗಿ ಬಂದದ್ದು. ಲಾರಿ ಪಕ್ಕಕ್ಕೆ ಬಂದಾಗ ಹ್ಯಾಂಡಲ್ ಹಿಸುಕಿದರೆ ಗಾಡಿ ಹೆಚ್ಚು ಸ್ಥಿರವಾಗುವುದಿಲ್ಲ, ಹೆಗಲು ಮಾತ್ರ ಏರುತ್ತದೆ. ಈಗ ಪ್ರತಿ ಊರಿನ ಫಲಕ ಕಂಡಾಗಲೂ ಒಮ್ಮೆ ಉಸಿರು ಉದ್ದಕ್ಕೆ ಬಿಡುತ್ತೇನೆ. ಬಾಳೆ, ಕೇಗಾಂವ, ಕೊಂಡಿ. ಉಸಿರು ಹೊರಗೆ ಹೋಗುವಾಗ ಹೆಗಲು ಇಳಿಯುತ್ತದೆ, ಅದಕ್ಕೆ ಬೇರೆ ಅಪ್ಪಣೆ ಬೇಕಾಗುವುದಿಲ್ಲ. ಮನೆಯಲ್ಲಿ ಊಟಕ್ಕೆ ಮತ್ತೆ ನೆಲದ ಮೇಲೆ ಕೂಡುತ್ತಿದ್ದೇನೆ. ಕುಕ್ಕರಗಾಲಲ್ಲಿ ಕೂಡುವುದು, ಕೈ ಊರದೆ ಏಳುವುದು ನಮ್ಮ ಆಯಿಯ ವಯಸ್ಸಿನವರಿಗೆ ದಿನದ ಬದುಕೇ ಆಗಿತ್ತು. ಮೊಣಕಾಲು ಸವೆದವರು ಇದಕ್ಕೆ ಕೈಹಾಕಬಾರದು, ಆಗುವವರು ಬಿಡಬಾರದು.

ನೆಲದ ಮೇಲೆ ಕೂಡುವ ಮಾತು ಬಂದಾಗ ಸೊಲ್ಲಾಪುರದಲ್ಲಿ ಬೀಡಿ ಕಟ್ಟುವ ಹೆಂಗಸರು ನೆನಪಾಗದೆ ಇರಲಾರರು. ಮೊರವನ್ನು ತೊಡೆಯ ಮೇಲಿಟ್ಟು, ಗೋಣು ಬಗ್ಗಿಸಿ, ಎಲೆ ಕತ್ತರಿಸಿ, ತಂಬಾಕು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟುತ್ತಾರೆ. ಮಜೂರಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟು ಎಂದು. ಎದ್ದು ಮೈ ಮುರಿದ ಪ್ರತಿ ನಿಮಿಷವೂ ಆ ಲೆಕ್ಕದಿಂದ ಕಳೆದುಹೋಗುತ್ತದೆ. ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿ ಬೀಡಿ ಕಾರ್ಮಿಕ ಮಹಿಳೆಯರು ಸಂಘಟಿತರಾಗಿ ಹೋರಾಡಿ, ಹೋರಾಟಗಾರ್ತಿ ಗೋದೂತಾಯಿ ಪರುಳೇಕರ್ ಅವರ ಹೆಸರಿನ ವಸಾಹತಿನಲ್ಲಿ 10,000 ಮನೆಗಳನ್ನು ಪಡೆದುಕೊಂಡರು. 2006ರಲ್ಲಿ ಅವು ಅವರ ಕೈಸೇರಿದವು. ಸ್ವಂತ ಮನೆಯ ಗಾಳಿ ಬೆಳಕು ಬಂತು, ಬಗ್ಗಿದ ಗೋಣು ಬಗ್ಗಿದಂತೆಯೇ ಇದೆ. ಅವರಿಗೆ ‘ನೆಟ್ಟಗೆ ಕೂತು ಕಟ್ಟಿರಿ’ ಎನ್ನಲು ನನಗೆ ಬಾಯಿ ಬರುವುದಿಲ್ಲ. ಬೆನ್ನಿಗೆ ಗೋಡೆ, ಮೊರದ ಕೆಳಗೆ ಒಂದು ದಿಂಬು, ಕಾಲು ಮಡಿಚುವುದನ್ನೂ ಚಾಚುವುದನ್ನೂ ಬದಲಾಯಿಸುತ್ತಿರುವುದು, ಇಷ್ಟು ನೆರವಾದೀತು. ಉಳಿದದ್ದು ಸಾವಿರಕ್ಕೆ ಸಿಗುವ ಮಜೂರಿಯ ಪ್ರಶ್ನೆ.

ಸೊಂಟದ ಬೆಲ್ಟಿನ ವಿಷಯ ಹೇಳಲೇಬೇಕು, ಯಾಕೆಂದರೆ ನಮ್ಮಲ್ಲಿ ಎಷ್ಟೋ ಜನ ಮೊದಲು ಕೊಳ್ಳುವುದು ಅದನ್ನೇ. 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ನಡುನೋವಿತ್ತು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಅಂಕಿ. ಆ ಸಂಸ್ಥೆ 2023ರ ಡಿಸೆಂಬರಿನಲ್ಲಿ ಬಹುಕಾಲದ ನಡುನೋವಿಗೆ ಮಾರ್ಗಸೂಚಿ ಹೊರಡಿಸಿತು. ನೋವಿನ ಬಗ್ಗೆ ತಿಳಿವಳಿಕೆ ಕೊಡುವುದು, ವ್ಯಾಯಾಮ, ಇವನ್ನು ಶಿಫಾರಸು ಮಾಡಿತು. ಬೆಲ್ಟು ಕಟ್ಟುವುದು, ಟ್ರ್ಯಾಕ್ಷನ್ ಹಾಕಿ ಎಳೆಯುವುದು, ಇವನ್ನು ಸಾಮಾನ್ಯ ಚಿಕಿತ್ಸೆಯಾಗಿ ಬೇಡವೆಂದಿತು. ವಾರಗಟ್ಟಲೆ ಹಾಸಿಗೆ ಹಿಡಿಯುವ ಸಲಹೆಯನ್ನು ವೈದ್ಯರು ಬಿಟ್ಟು ಬಹಳ ಕಾಲವಾಯಿತು. ಆದರೆ ಕಾಲು ಜೋಮು ಹಿಡಿದು ಬಲ ಕಡಿಮೆಯಾದರೆ, ಮೂತ್ರ ಮಲದ ಹಿಡಿತ ತಪ್ಪಿದರೆ, ತೊಡೆಯ ಸಂದಿಯಲ್ಲಿ ಸ್ಪರ್ಶ ತಿಳಿಯದಾದರೆ ಅಭ್ಯಾಸಗಳ ಮಾತನ್ನು ಬದಿಗಿಟ್ಟು ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ನನ್ನ ನಡ ಈಗಲೂ ಒಮ್ಮೊಮ್ಮೆ ನೋಯುತ್ತದೆ, ಶಿಫ್ಟು ಉದ್ದವಾದ ದಿನ ಖಂಡಿತ. ಆದರೆ ಅದು ಯಾವಾಗ ಬಿಗಿಯತೊಡಗಿತು ಎಂಬುದು ಈಗ ನನಗೆ ತಿಳಿಯುತ್ತದೆ, ಸಂಜೆಗೆ ಕಾಯಬೇಕಾಗಿಲ್ಲ. ಸರಿಯಾದ ಒಂದೇ ಭಂಗಿ ಎಂಬುದು ಇಲ್ಲವೆಂದು ಮೇಡಂ ಹೇಳುತ್ತಿದ್ದದ್ದು ನಿಜ. ಎಷ್ಟೇ ಚೆನ್ನಾಗಿ ನಿಂತರೂ ನಿಂತೇ ಇದ್ದರೆ ಮೈ ಸೋಲುತ್ತದೆ; ನಿಂತವನಿಗೆ ಕೂಡುವುದು, ಕೂತವನಿಗೆ ಏಳುವುದು ಸಿಗಬೇಕು. ಸಿಗುವುದು ಮಾತ್ರ ಅವನೊಬ್ಬನ ಕೈಯಲ್ಲಿಲ್ಲ.

ಹಾಗಾಗಿ ಚಿಂಚೋಳಿಯಲ್ಲೂ ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲೂ ಶಿಫ್ಟು ನಡೆಸುವವರಲ್ಲಿ ನನ್ನದೊಂದು ಕೇಳಿಕೆ. ನಿಂತು ಕೆಲಸ ಮಾಡುವ ಪ್ರತಿ ಯಂತ್ರದ ಪಕ್ಕ ಒಂದು ಸ್ಟೂಲು ಇಡಿಸಿ, ಕೆಲಸ ತಡೆದಾಗ ಅದರ ಮೇಲೆ ಕೂಡಲು ಬಿಡಿ. ಇದು ಉಪಕಾರವಲ್ಲ. ನಿಂತು ದುಡಿಯುವವರಿಗೆ ಕೂಡಲು ಜಾಗ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮೇ ಹೇಳಿತ್ತು, 2020ರ ಹೊಸ ಕಾರ್ಮಿಕ ಸಂಹಿತೆಯೂ ಆ ಮಾತನ್ನು ಉಳಿಸಿಕೊಂಡಿದೆ. ಬಟ್ಟೆಯಂಗಡಿಗಳಲ್ಲಿ ದಿನವಿಡೀ ನಿಲ್ಲುತ್ತಿದ್ದ ಹೆಣ್ಣುಮಕ್ಕಳು ಕೇಳಿ ಕೇಳಿ ಕೇರಳದಲ್ಲಿ 2018ರಲ್ಲಿ ಕೂಡುವ ಹಕ್ಕನ್ನು ಕಾನೂನಿನಲ್ಲಿ ಬರೆಸಿದರು, ತಮಿಳುನಾಡು 2021ರಲ್ಲಿ ಅದನ್ನೇ ಮಾಡಿತು. ನಮ್ಮ ಕಾರ್ಖಾನೆಗಳ ಮಟ್ಟಿಗೆ ಹೊಸ ಕಾನೂನೇನೂ ಬೇಕಿಲ್ಲ, ಸ್ಟೂಲು ಬೇಕು.